ಹಗೇವಿನಲ್ಲಿದ್ದ ಬೋರ್ಡೋ

ಕಾರ್ಕು ಪುಡಿಯಾಗಿ ಸೀಸೆಯೊಳಗೇ ಬೀಳಬಹುದಿತ್ತು. ವೈನು ಯಾವತ್ತೋ ಹುಳಿ ಹಿಡಿದು ಹೋಗಿರಬಹುದಿತ್ತು. ನೆಲದಡಿಯ ಹಗೇವಿಗೆ ಇಳಿದವನು ಕೆಟ್ಟ ಗಾಳಿಗೆ ಅಲ್ಲೇ ಕುಸಿಯಬಹುದಿತ್ತು, ಅಥವಾ ಅಲ್ಲಿ ಮೂವತ್ತು ವರ್ಷದಿಂದ ಬಾಡಿಗೆಯಿಲ್ಲದೆ ಇದ್ದ ನಾಗರಹಾವೊಂದು ಅವನನ್ನು ವಿಚಾರಿಸಿಕೊಳ್ಳಬಹುದಿತ್ತು. ಮೇಲೆತ್ತುವಾಗ ಸೀಸೆ ಬಾಯಿಕಲ್ಲಿಗೆ ತಗುಲಬಹುದಿತ್ತು. ತಳದಲ್ಲಿ ಕೂತ ಗಸಿ ಕದಡಿ ಎಲ್ಲವೂ ಕೆಸರಾಗಬಹುದಿತ್ತು. ಫ್ರಾನ್ಸಿನಿಂದ ಬರಬೇಕಾದವರ ವಿಮಾನ ರದ್ದಾಗಬಹುದಿತ್ತು. ಆ ವಯಸ್ಸಿನಲ್ಲಿ ಅವರೇ ರದ್ದಾಗಬಹುದಿತ್ತು. ಮನೆಯ ಯಜಮಾನಿ ಕೊನೇ ಗಳಿಗೆಯಲ್ಲಿ ಕೂಡದು ಅನ್ನಬಹುದಿತ್ತು. ನನಗೆ ನೆಗಡಿ ಬಂದು ಮೂಗು ಕಟ್ಟಬಹುದಿತ್ತು. ಸುರಿಯುವಾಗ ಕೈ ನಡುಗಬಹುದಿತ್ತು. ಕೋತಿ ಬರಬಹುದಿತ್ತು.

ಇವನ್ನೂ ಇಂಥವೇ ಇನ್ನು ಕೆಲವನ್ನೂ ನಾನು ಹೋಟೆಲಿನ ಹಳೇ ಮೆನು ಕಾರ್ಡಿನ ಹಿಂದೆ ಬರೆದಿಟ್ಟಿದ್ದೆ. ಒಟ್ಟು ಹತ್ತೊಂಬತ್ತು. ನನ್ನ ಹೆಂಡತಿ ಓದಿ, "ಭೂಕಂಪ ಬಿಟ್ಟಿದ್ದೀರಲ್ಲ" ಎಂದಳು. ಅವಳು ತಮಾಷೆ ಮಾಡಿದ್ದು. ನಾನು ಸೇರಿಸಿಕೊಂಡೆ. ಇಪ್ಪತ್ತಾಯಿತು.

ಕೆಲಸ ಶುರುವಾದದ್ದು ಹೀಗೆ. ಹಾಸನದ ಒಂದು ಹೋಟೆಲಿನಲ್ಲಿ ಊಟದ ಹಾಲ್ ಮತ್ತು ಬಾರ್, ಎರಡರ ಉಸ್ತುವಾರಿ ನನ್ನದು. ಅವರೆಕಾಯಿ ಕಾಲ ಶುರುವಾಗಿತ್ತು. ಒಂದು ಬೆಳಿಗ್ಗೆ ರಿಸೆಪ್ಷನ್ನಿನವರು ಬಂದು, ಯಾರೋ ಹಿರಿಯರು ನಿಮ್ಮನ್ನು ಕೇಳುತ್ತಿದ್ದಾರೆ, ಒಳಗೆ ಬರಲು ಒಲ್ಲೆ ಅನ್ನುತ್ತಿದ್ದಾರೆ ಎಂದರು. ದೂರೇ ಇರಬೇಕು ಎಂದುಕೊಂಡು ಹೋದೆ. ಬಾರಿನ ಹೊಸಿಲಿನಿಂದ ಹತ್ತು ಹೆಜ್ಜೆ ಆಚೆ, ಹೂಕುಂಡದ ಪಕ್ಕ, ಎಪ್ಪತ್ತು ದಾಟಿದವರೊಬ್ಬರು ನಿಂತಿದ್ದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಿಳಿ ಟವೆಲ್ಲು.

"ನೀನೇ ಏನಪ್ಪ ಸೀಸೆ ತೆಗೆಯೋನು?"

"ಎಂಥ ಸೀಸೆ ಯಜಮಾನ್ರೇ?"

"ಪರಂಗಿಯೋರ್ದು. ಮೂವತ್ತು ವರ್ಷದ್ ಮ್ಯಾಲಾತು, ನಮ್ಮನೇಲಿ ಬಿದ್ದದೆ. ನಾವ್ ತೆಗೆಯೋಕೋಗಿ ಕೆಟ್ರೆ ಇನ್ನೊಂದು ಸಿಗಾಕಿಲ್ಲ. ಅದುಕ್ಕೇ ತಿಳ್ದೋರ್ನ ಕೇಳಾಣ ಅಂತ ಬಂದೆ. ನಾನು ಕುಡ್ಯೋನಲ್ಲ ಮತ್ತೆ. ನಮ್ದು ಲಿಂಗ ಕಟ್ಕೊಂಡಿರೋ ಮನೆ."

ಕುಡಿಯದವರ ಮನೆಯಲ್ಲಿ ಸೀಸೆ ಬಂದ ಕಥೆಯನ್ನು ಅವರು ಅಲ್ಲೇ ನಿಂತು ಹೇಳಿದರು. ಅವರ ಊರು ದೊಡ್ಡಗದ್ದವಳ್ಳಿಯ ಪಕ್ಕದ್ದು. ನಲವತ್ತರ ಆಸುಪಾಸಿನಲ್ಲಿದ್ದಾಗ, ಅಲ್ಲಿನ ದೇವಸ್ಥಾನವನ್ನು ಅಳೆದು ನಕ್ಷೆ ಬರೆಯಲು ಫ್ರಾನ್ಸಿನವರೊಬ್ಬರು ಬಂದಿದ್ದರು. ಎಂಟು ತಿಂಗಳು ಇವರ ಮನೆಯ ಜಗಲಿಯ ಕೋಣೆಯಲ್ಲೇ ಇದ್ದರು. ಊರವರು ಅವರಿಗೆ ಟೇಪ್ ಸಾಹೇಬರು ಎಂದು ಹೆಸರಿಟ್ಟರು. ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದದ್ದು ಈ ಯಜಮಾನರು.

"ಓಗೋ ದಿನ ಸೀಸೆ ತೆಗ್ದು ಮುಂದಿಕ್ಕುದ್ರು. ಅವರಪ್ಪನ ಮನೇದಂತೆ, ಆಗ್ಲೇ ಅತ್ತು ವರ್ಷ ಅಳೇದಂತೆ. ಬಾ, ಇಬ್ರೂ ಕುಡಿಯಾಣ ಅಂದ್ರು. ನಮ್ಮಪ್ಪ ಬದುಕಿದ್ದ. ಬ್ಯಾಡಿ ಅಂದೆ. ಆವಯ್ಯನ ಮಖ ಇಷ್ಟು ಸಣ್ಣದಾಗೋಯ್ತು. ನೋಡಕಾಗ್ದೆ ಒಂದ್ ಮಾತಾಡ್ಬುಟ್ಟೆ. ಇದು ಇಲ್ಲೇ ಇರ್ಲಿ, ನೀವು ಇನ್ನೊಂದ್ಸಲ ಬಂದಾಗ ಇಬ್ರೂ ಕೂತು ಕುಡಿಯಾಣ ಅಂತ. ಬರ್ಲೇ ಇಲ್ಲ. ಈಗ ಬತ್ತಾವ್ರೆ. ಇದೇ ಕೊನೆ ಅಂತ ಕಾಗ್ದ ಬರ್ದವ್ರೆ."

ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: "ಆಡಿದ್ ಮೇಲೆ ಆಡ್ದಂಗೇ. ನಾನೂ ಒಂದು ಲೋಟ ಕುಡೀಬೇಕು. ಅದು ಅವ್ರಪ್ಪನ ಮನೇಲಿ ಎಂಗಿತ್ತೋ ಅಂಗೇ ಇರ್ಬೇಕು, ಅವ್ರು ಕುಡ್ದಿದ್ದೇ ನಾನೂ ಕುಡೀಬೇಕು. ಅಷ್ಟು ಮಾಡ್ಕೊಡಪ್ಪ."

ಒಪ್ಪಿಕೊಂಡೆ. ಒಪ್ಪಿಕೊಂಡ ಅರ್ಧ ಗಂಟೆಯೊಳಗೆ ಮೆನು ಕಾರ್ಡು ತಿರುಗಿಸಿ ಪಟ್ಟಿ ಬರೆಯಲು ಕೂತೆ; ಆಮೇಲೆ ದಿನದಿನಕ್ಕೂ ಸೇರಿಸುತ್ತಾ ಹೋದೆ.

ಮಾರನೆಯ ದಿನ ಅವರ ಮನೆಗೆ ಹೋದಾಗ ಸೀಸೆ ಎಲ್ಲಿದೆ ಎಂದು ಕೇಳಿದೆ. ಯಜಮಾನರು ಅಂಗಳದ ಮೂಲೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಚಪ್ಪಡಿ ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಹಗೇವು. ರಾಗಿ ತುಂಬಿಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು.

"ಅದ್ಯಾಕೆ ಅಲ್ಲಿಟ್ರಿ?" ಎಂದೆ.

ಉತ್ತರ ಕೊಟ್ಟದ್ದು ಅವರ ಹೆಂಡತಿ. ಹಳೇಕೋಟೆ ಕಡೆಯ ಹೆಣ್ಣುಮಗಳು, ಮಾತಿನಲ್ಲಿ ಯಾರಿಗೂ ಸಾಲ ಉಳಿಸಿಕೊಳ್ಳದವರು. "ದೇವ್ರು ಇರೋ ಮನೇಲಿ ಎಂಡ ಇಕ್ಕಂಗಿಲ್ಲ ಅಂದೆ. ಅದ್ಯಾವ್ದೋ ಬೋರ್ಡೋ ಅಂದ್ರು. ಬೋರ್ಡೋ ಅಂದ್ರೆ ಆಲೂಗೆಡ್ಡೆಗೆ ಒಡೆಯೋ ಔಸ್ದಿ ಅಲ್ವಾ? ಎಂಡ ಆದ್ರೂ ಆಗ್ಲಿ, ಇಸ ಆದ್ರೂ ಆಗ್ಲಿ, ಒಲೆ ಅತ್ರ ಬ್ಯಾಡ, ಅಗೇವ್ಗಾಕಿ ಅಂದೆ."

ತಾಯಿ, ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು, ಈ ವೈನೂ ಅಲ್ಲಿಯದು, ಆ ಔಷಧಿಗೆ ಹೆಸರು ಬಂದದ್ದೂ ಅಲ್ಲಿಂದಲೇ ಎಂದು ಹೇಳಿದೆ. "ನೋಡುದ್ರಾ!" ಎಂದು ಅವರು ಗಂಡನ ಕಡೆ ತಿರುಗಿದರು. ಮೂವತ್ತು ವರ್ಷದ ವಾದವನ್ನು ನಾನು ಅವರಿಗೆ ಗೆದ್ದುಕೊಟ್ಟ ಹಾಗಾಯಿತು.

ನಿಜಕ್ಕೂ ಆಕೆಗೆ ಒಂದು ನಮಸ್ಕಾರ ಹೇಳಬೇಕು. ಹಳೇ ವೈನಿಗೆ ಬೇಕಾದದ್ದು ತಂಪು, ಕತ್ತಲು, ಅಲುಗಾಟವಿಲ್ಲದ ಜಾಗ, ಮತ್ತು ಅಡ್ಡ ಮಲಗುವ ಭಂಗಿ. ಅಡ್ಡ ಮಲಗಿದರೆ ಕಾರ್ಕು ಒಳಗಿನಿಂದ ಒದ್ದೆಯಾಗಿರುತ್ತದೆ. ಮನೆಯ ಬೀರುವಿನಲ್ಲಿ ನಿಂತಿದ್ದರೆ ಆ ಸೀಸೆ ಐದು ಬೇಸಿಗೆ ಬದುಕುತ್ತಿರಲಿಲ್ಲ. ಮಡಿಯಮ್ಮನ ಸಿಟ್ಟು ಅದನ್ನು ಜೋಪಾನ ಮಾಡಿತ್ತು.

ಚಪ್ಪಡಿ ಸರಿಸಿದರು. ಪಕ್ಕದ ಮನೆಯವನೊಬ್ಬ, ಹಗೇವು ಇಳಿಯುವುದರಲ್ಲಿ ಪಳಗಿದವನು, ಲಾಂದ್ರ ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಟ್ಟ. ಎರಡಾಳು ಆಳಕ್ಕೆ ಹೋಗಿ ದೀಪ ಫಕ್ಕನೆ ಆರಿತು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ.

"ನೀವ್ಯಾಕ್ ಇಂದಕ್ಕೋದ್ರಿ ಸಾ, ಇಳಿಯೋನು ನಾನು" ಎಂದು ಅವನು ನಕ್ಕ. ದೀಪ ಆರಿದ ಹಗೇವಿಗೆ ಮನುಷ್ಯ ಇಳಿಯುವುದಿಲ್ಲ. ಹೊಂಗೆಯ ದೊಡ್ಡ ಕೊಂಬೆಯೊಂದನ್ನು ಹಗ್ಗಕ್ಕೆ ಕಟ್ಟಿ, ಒಳಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ, ಗಾಳಿ ಆಡಿಸಿದರು. ಬಾಯಿ ತೆರೆದೇ ಬಿಟ್ಟರು. ಮರುದಿನ ಲಾಂದ್ರ ತಳ ಮುಟ್ಟಿದರೂ ಉರಿಯಿತು. ಅವನು ಇಳಿದ. ಕೆಳಗಿನಿಂದ ಅವನ ದನಿ ಗುಡುಗಿದಂತೆ ಬಂತು: "ಸಿಕ್ತು! ಗೋಣಿಚೀಲ್ದಾಗೆ ಸುತ್ತವ್ರೆ!"

"ಮಲಗಿರೋ ಹಾಗೇ ಎತ್ತು! ಅಲ್ಲಾಡಿಸ್ಬೇಡ! ತಿರುಗಿಸ್ಬೇಡ!" ನಾನು ಬಾಯಿಕಲ್ಲಿನ ಮೇಲೆ ಮಂಡಿಯೂರಿ ಕೂಗುತ್ತಿದ್ದೆ.

"ದಿನ ತುಂಬಿದ್ ಬಸ್ರೀನ ಎತ್ಕಂಡಂಗೆ ಎತ್ಕಂಡಿವ್ನಿ ಕಣ್ ಸಾ, ಸುಮ್ಕಿರಿ!"

ಸೀಸೆ ಬೆಳಕಿಗೆ ಬಂತು. ಲೇಬಲ್ಲನ್ನು ಹುಳ ತಿಂದು ಹಾಕಿದ್ದವು. ಒಂದು ಮೂಲೆಯಲ್ಲಿ ಯಾವುದೋ ಗೋಪುರದ ಅರ್ಧ ಚಿತ್ರ ಉಳಿದಿತ್ತು. ಒಳಗಿನ ಮಟ್ಟ ಕತ್ತಿನಿಂದ ಇಳಿದು ಭುಜದ ನಡುವಿಗೆ ಬಂದಿತ್ತು. ಇದು ಒಳ್ಳೆಯ ಲಕ್ಷಣವಲ್ಲ, ಆದರೆ ಈ ವಯಸ್ಸಿಗೆ ಕೆಟ್ಟ ಲಕ್ಷಣವೂ ಅಲ್ಲ. ನನ್ನ ತಲೆಕೂದಲಿನ ಮಟ್ಟವೂ ಹೀಗೇ ಇಳಿದಿದೆ. ಮೊಬೈಲಿನ ಬೆಳಕು ಹಿಂದಿನಿಂದ ಹಿಡಿದು ನೋಡಿದೆ. ಹಳೇ ಹೆಂಚಿನ ಕೆಂಪು, ಸ್ವಚ್ಛ. ಕೆಳಬದಿಗೆ ಕಾಡಿಗೆ ಬಳಿದ ಹಾಗೆ ದಪ್ಪ ಗಸಿ.

ಈಗ ಅದನ್ನು ನೆಟ್ಟಗೆ ನಿಲ್ಲಿಸಿ, ಗಸಿಯೆಲ್ಲ ತಳಕ್ಕಿಳಿಯಲು ಮೂರು ನಾಲ್ಕು ದಿನ ಬಿಡಬೇಕಿತ್ತು. ಎಲ್ಲಿ? ಇಲ್ಲಿ ನಮ್ಮ ಹೋಟೆಲ್ ಮಾಲೀಕರು ನಡುವೆ ಬಂದರು. ಫ್ರೆಂಚ್ ಅತಿಥಿಗೆ ನಮ್ಮಲ್ಲೇ ರೂಮು ಬುಕ್ಕಾಗಿತ್ತು. ಸುದ್ದಿ ಕೇಳಿದ ಮಾಲೀಕರು ಹಿಗ್ಗಿದರು. "ಇಲ್ಲೇ ಮಾಡೋಣ. ಎಸಿ ರೂಮಲ್ಲಿ ಇಡಿ. ಇಬ್ಬರೂ ಮುದುಕರನ್ನ ಕೂರ್ಸಿ ಫೋಟೋ ತೆಗೆಸೋಣ. ಹೋಟೆಲಿಗೆ ಒಂದು ಹೆಸರಾಗುತ್ತೆ."

ನಾನು ಇಡೀ ದಿನ ಯೋಚಿಸಿದೆ. ಎಸಿಯ ಆಸೆ ಇತ್ತು. ಆದರೆ ಅಲ್ಲಿಂದ ಹಾಸನದವರೆಗಿನ ರಸ್ತೆಯ ಹಂಪುಗಳನ್ನು ನಾನು ಸ್ಕೂಟರಿನಲ್ಲಿ ಎಣಿಸಿಕೊಂಡೇ ಬಂದಿದ್ದೆ. ಕೂತ ಗಸಿ ಮೊದಲನೆಯದಕ್ಕೇ ಏಳುತ್ತದೆ. ಅದಕ್ಕಿಂತ ಮುಖ್ಯ, ಯಜಮಾನರು ಬಾರಿನ ಹೊಸಿಲು ದಾಟುವವರಲ್ಲ. ಸಂಜೆ ಮಾಲೀಕರ ಮುಂದೆ ನಿಂತು, ಸೀಸೆ ಅಲ್ಲಿಂದ ಅಲುಗುವುದಿಲ್ಲ, ನಾನೇ ರಜೆ ಹಾಕಿ ಅಲ್ಲಿಗೆ ಹೋಗುತ್ತೇನೆ ಎಂದೆ. ನನ್ನ ಜೀವನದಲ್ಲಿ ಮಾಲೀಕನೊಬ್ಬನಿಗೆ ಇಲ್ಲ ಅಂದದ್ದು ಅದೇ ಮೊದಲು. ಅವರು, "ಆಯ್ತು ಬಿಡಿ, ಅದಕ್ಕೆ ಯಾಕೆ ಬೆವರ್ತೀರಿ?" ಎಂದರು.

ಯಜಮಾನಿ ಮನೆಯೊಳಗೆ ಬೇಡವೇ ಬೇಡ ಎಂದದ್ದರಿಂದ, ಹಿತ್ತಲಿನಲ್ಲಿ ಬಿತ್ತನೆ ಆಲೂಗೆಡ್ಡೆ ಇಡುವ ಕತ್ತಲ ಕೋಣೆಯಲ್ಲಿ ಸೀಸೆ ನಿಂತಿತು. ನಾನು ದಿನಕ್ಕೆ ಮೂರು ಸಲ ಫೋನು ಮಾಡಿದೆ.

"ಯಾರೂ ಮುಟ್ಟಿಲ್ಲ ತಾನೇ ಯಜಮಾನ್ರೇ?"

"ಮುಟ್ಟಿಲ್ಲ ಕಣಪ್ಪ. ತೊಟ್ಲಲ್ಲಿ ಮಗೀನ್ ಮಲುಗ್ಸಿ ಬುಟ್ಟೋದೋನಂಗೆ ಆಡ್ತೀಯಲ್ಲ."

ಮಿಕ್ಕದ್ದು ಕಾರ್ಕು. ನಲವತ್ತು ವರ್ಷದ ಕಾರ್ಕು ಒದ್ದೆಯಾದ ಬ್ರೆಡ್ಡಿನ ಹಾಗಿರುತ್ತದೆ. ತಿರುಪಿನ ಓಪನರ್ ಚುಚ್ಚಿದರೆ ನಡುವೆ ತೂತು ಬಿದ್ದು ಪುಡಿಯಾಗುತ್ತದೆ. ಅದಕ್ಕೆ ಎರಡು ತೆಳು ತಗಡಿನ ಕಡ್ಡಿಗಳಿರುವ ಬೇರೆ ಸಾಧನ ಬೇಕು. ಕಡ್ಡಿಗಳನ್ನು ಕಾರ್ಕಿಗೂ ಗಾಜಿಗೂ ನಡುವೆ ಇಳಿಸಿ, ಎರಡೂ ಕಡೆಯಿಂದ ತಬ್ಬಿಕೊಂಡು, ಮೆಲ್ಲಗೆ ತಿರುಗಿಸುತ್ತಾ ಎಳೆಯಬೇಕು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಹತ್ತಿರ ಅಂಥದ್ದು ಇತ್ತು, ಅಲ್ಲೇ ಬಿಟ್ಟು ಬಂದಿದ್ದೆ. ಹಾಸನದಲ್ಲಿ ಯಾರನ್ನು ಕೇಳಿದರೂ ಇಲ್ಲ. ಆರ್ಡರ್ ಮಾಡಿದರೆ ಬರುವ ಹೊತ್ತಿಗೆ ಅತಿಥಿ ವಾಪಸು ಹೋಗಿರುತ್ತಾರೆ. ಕೊನೆಗೆ ಪರಿಚಯದ ಲೇತ್ ಮೇಸ್ತ್ರಿಯ ಬಳಿ ಚಿತ್ರ ಬರೆದುಕೊಂಡು ಹೋದೆ.

ಅವನು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದ. "ಏನ್ ಸಾ ಇದು, ಹಲ್ಲು ಕೀಳೋಕಾ?"

"ಬಾಟಲಿ ಬಿರಡೆ ತೆಗೆಯೋಕೆ."

"ಬಿರಡೆ ತೆಗೆಯೋಕೆ ಇಷ್ಟು ಕಷ್ಟನಾ? ಚಮಚದ್ ಹಿಂದ್ಗಡೆಯಿಂದ ಒಳಗೆ ತಳ್ಬುಡಿ ಸಾ, ಖತಂ."

ಆದರೂ ಮಾಡಿಕೊಟ್ಟ. ಎರಡು ಹ್ಯಾಕ್ಸಾ ಬ್ಲೇಡಿನ ಹಲ್ಲು ಉಜ್ಜಿ, ತುದಿ ತೆಳುಮಾಡಿ, ಒಂದನ್ನು ಚೂರು ಉದ್ದ ಬಿಟ್ಟು, ಹಿಡಿಕೆಗೆ ವೆಲ್ಡ್ ಮಾಡಿದ. ಬಾರಿನಲ್ಲಿದ್ದ ಹನ್ನೊಂದು ಸಾಧಾರಣ ಸೀಸೆಗಳ ಮೇಲೆ ಅಭ್ಯಾಸ ಮಾಡಿದೆ. ಮೊದಲ ಮೂರರಲ್ಲಿ ಕಾರ್ಕು ಒಳಗೆ ಹೋಯಿತು. ಐದನೆಯದರಲ್ಲಿ ನನ್ನ ಹೆಬ್ಬೆರಳು ಕುಯ್ದಿತು. ಎಂಟರಿಂದ ಸರಿ ಬಂತು.

ಕೊನೆಯ ಲೆಕ್ಕಾಚಾರ ಹೊತ್ತಿನದು. ಎಳೆಯ ವೈನನ್ನು ಮೊದಲೇ ತೆರೆದು ಗಾಜಿನ ಹೂಜಿಗೆ ಸುರಿದಿಟ್ಟರೆ ಗಾಳಿ ಕುಡಿದು ಅರಳುತ್ತದೆ. ಇಷ್ಟು ಹಳೆಯದು ಹಾಗಲ್ಲ. ಗಾಳಿ ತಗುಲಿದ ಮೇಲೆ ಅದಕ್ಕೆ ಇರುವುದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಪರಿಮಳ ಇಳಿಯುತ್ತದೆ, ಹಣ್ಣಿನ ರುಚಿ ಹೋಗುತ್ತದೆ, ಬರಿಯ ಹುಳಿ ಉಳಿಯುತ್ತದೆ. ಆದ್ದರಿಂದ ಹೂಜಿ ಬೇಡ, ಊಟಕ್ಕೆ ಎಲೆ ಹಾಕಿದ ಮೇಲೆಯೇ ತೆರೆಯುವುದು ಎಂದು ತೀರ್ಮಾನಿಸಿದೆ. ಇನ್ನೊಂದು ವಿಷಯ: ಸುರಿಯಲು ಬಾಗಿಸಿದ ಸೀಸೆಯನ್ನು ನಡುವೆ ನೆಟ್ಟಗೆ ಮಾಡುವಂತಿಲ್ಲ, ಮಾಡಿದರೆ ಗಸಿ ಎದ್ದು ಮಿಕ್ಕದ್ದೆಲ್ಲ ಕೆಡುತ್ತದೆ. ಒಂದೇ ಬಾಗಿನಲ್ಲಿ ಎಲ್ಲ ಲೋಟಗಳಿಗೂ ಸುರಿದು ಮುಗಿಸಬೇಕು. ಸಾಹೇಬರಿಗೆ ಎರಡು, ಯಜಮಾನರಿಗೆ ಒಂದು (ಅದು ಯಜಮಾನಿಯ ಷರತ್ತು, ಜಗಲಿಯಲ್ಲೇ ಎಂಬುದು ಇನ್ನೊಂದು ಷರತ್ತು), ಕೆಟ್ಟಿದೆಯೋ ಇಲ್ಲವೋ ನೋಡಲು ಇನ್ನೊಂದು ಲೋಟದಲ್ಲಿ ಒಂದು ಗುಟುಕು. ನಾಲ್ಕು ಲೋಟಗಳನ್ನು ಹೋಟೆಲಿನಿಂದ ಟವೆಲ್ಲಿನಲ್ಲಿ ಸುತ್ತಿ ಒಯ್ದೆ.

ಅವತ್ತು ಬೆಳಿಗ್ಗೆ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದರು. ನಾನು ಹೋಗುವ ಹೊತ್ತಿಗೆ ವಾಪಸು ಬರುತ್ತಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಹೇಳುವಂತಿರಲಿಲ್ಲ. ಸಾಹೇಬರು ಎತ್ತರದ, ಬಗ್ಗಿದ ಮನುಷ್ಯ. ಎಂಟು ತಿಂಗಳಲ್ಲಿ ಕಲಿತ ಕನ್ನಡವನ್ನು ಹಾಗೇ ಇಟ್ಟುಕೊಂಡಿದ್ದರು. "ಅಳೇ ಕಂಬ, ಅಂಗೇ ಐತೆ" ಎಂದರು ನನಗೆ. ಹಕಾರ ಅವರ ಭಾಷೆಯಲ್ಲೂ ಬಾಯಿಗೆ ಬರುವುದಿಲ್ಲ, ನಮ್ಮ ಹಳ್ಳಿಯಲ್ಲೂ ಬರುವುದಿಲ್ಲ. ಆ ಊರಿನಲ್ಲಿ ಅವರಿಗೆ ಕನ್ನಡ ಸುಲಭವಾಗಿ ಬಂದದ್ದು ಆಶ್ಚರ್ಯವಲ್ಲ. ವೈನಿನ ಬಗ್ಗೆ ಕೇಳಿದೆ. ಕೈ ಆಡಿಸಿ ನಕ್ಕರು. "ನಂಗೊತ್ತಿಲ್ಲ. ನಮ್ಮಪ್ಪಂಗೆ ಗೊತ್ತು. ನಂಗೆ ಕಲ್ಲು ಗೊತ್ತು." ಅಂದರೆ ಅಂಗಳದಲ್ಲಿ ಇದನ್ನು ಬಲ್ಲವನು ನಾನೊಬ್ಬನೇ.

ಜಗಲಿಯ ಮೇಲೆ ಎರಡು ಎಲೆ ಹಾಕಿದರು. ಒಂದು ಸಾಹೇಬರಿಗೆ, ಒಂದು ನನಗೆ. ಹಸಿವಿಲ್ಲ, ಕೆಲಸವಿದೆ ಎಂದರೂ ಯಜಮಾನಿ ಬಿಡಲಿಲ್ಲ. "ಮನೆಗ್ ಬಂದೋರು ಎಲೆ ಮುಂದೆ ಕೂರ್ದೆ ಓದ್ರೆ ನಮ್ಗೇನ್ ಮರ್ಯಾದೆ?" ಎರಡೇ ಎಲೆ ಎಂಬುದನ್ನು ನಾನು ನೋಡಿದೆ. ನೋಡಿಯೂ ನೋಡಲಿಲ್ಲ, ಕಣ್ಣು ಕಾರ್ಕಿನ ಮೇಲಿತ್ತು.

ಹಿತ್ತಲಿನಿಂದ ಅಲುಗದಂತೆ ತಂದ ಸೀಸೆಯ ಬಾಯಿಯ ಮೇಣ ಕೆರೆದೆ. ಉದ್ದನೆಯ ಬ್ಲೇಡನ್ನು ಮೊದಲು ಇಳಿಸಿದೆ, ಆಮೇಲೆ ಗಿಡ್ಡದ್ದನ್ನು. ಆಚೆ ಈಚೆ, ಆಚೆ ಈಚೆ, ಒಂದೊಂದು ನೂಲಿನಷ್ಟು. ತಿರುಗಿಸಿ ಎಳೆದೆ. ಹತ್ತು ನಿಮಿಷದ ಮೇಲೆ ಕಾರ್ಕು ಸದ್ದಿಲ್ಲದೆ, ಇಡಿಯಾಗಿ ಹೊರಗೆ ಬಂತು. ಕಪ್ಪಗೆ, ಮೆತ್ತಗೆ, ಬೆಂದ ಕೆಸುವಿನ ಗೆಡ್ಡೆಯ ಹಾಗೆ. ಕತ್ತಿನ ಹಿಂದೆ ಮೊಬೈಲಿನ ದೀಪ ಹೊಂದಿಸಿ, ಸೀಸೆ ಬಾಗಿಸಿ, ನಾಲ್ಕು ಲೋಟಕ್ಕೂ ಸುರಿದೆ. ಗಸಿಯ ಮೊದಲ ಕಪ್ಪು ಎಳೆ ಕತ್ತಿನ ಹತ್ತಿರ ಬಂದ ಕೂಡಲೇ ನಿಲ್ಲಿಸಿದೆ. ಕೈ ನಡುಗಲಿಲ್ಲ.

ಯಜಮಾನರ ಲೋಟ ಎತ್ತಿ ಅವರ ಕಡೆ ಚಾಚಿದೆ. "ಮೊದಲು ಮನೆಯವರು ರುಚಿ ನೋಡಬೇಕು. ಪದ್ಧತಿ."

ಅವರು ಎರಡು ಕೈಯಲ್ಲೂ ಅವರೆಕಾಳು ಸಾರಿನ ಪಾತ್ರೆ ಹಿಡಿದಿದ್ದರು. "ಅದು ನಿಮ್ ಓಟ್ಲು ಪದ್ಧತಿ ಕಣಪ್ಪ. ನೀನೇ ನೋಡು. ಮೊದ್ಲು ಅವ್ರದ್ದಾಗ್ಲಿ."

ನಾನು ನನ್ನ ಗುಟುಕನ್ನು ಮೂಗಿನ ಹತ್ತಿರ ತಂದೆ. ಮೊದಲು ಬಂದದ್ದು ಮುಚ್ಚಿದ ಪೆಟ್ಟಿಗೆಯ ವಾಸನೆ. ಲೋಟ ಮೆಲ್ಲಗೆ ಆಡಿಸುತ್ತ ಕಾದೆ. ಅದು ಹೋಯಿತು, ಆಮೇಲೆ ಒಂದರ ಹಿಂದೆ ಒಂದು ಬಂದವು. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಆ ಬೆಚ್ಚನೆಯ ಸಿಹಿ. ಆಗ ತಾನೇ ಕೆತ್ತಿದ ಪೆನ್ಸಿಲು. ಮಳೆ ನಿಂತ ಮೇಲೆ ಬಿದಿರುಮೆಳೆಯ ಬುಡದ ಅಣಬೆ, ಕೊಳೆತ ಎಲೆ. ತುಂಬ ಹಿಂದೆ, ಒಣಗಿದ ನೇರಳೆ. ಬಾಯಿಗೆ ಹಾಕಿಕೊಂಡೆ. ಎಳೆತನದ ಒಗರೆಲ್ಲ ಸವೆದು ನೂರು ಸಲ ಒಗೆದ ಪಂಚೆಯಷ್ಟು ಮೆತ್ತಗಾಗಿತ್ತು. ನುಂಗಿದ ಮೇಲೂ ನಾಲಿಗೆಯ ನಡುವೆ ಒಂದು ಸಣ್ಣ ಸಿಹಿ ಕೂತೇ ಇತ್ತು, ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ. ನನ್ನ ಇಪ್ಪತ್ತೂ ಭಯಗಳು ಮುಗಿದವು ಎಂದುಕೊಂಡೆ. ಅಷ್ಟು ಹಗುರವಾಗಿ ನಾನು ಉಸಿರಾಡಿ ವರ್ಷಗಳಾಗಿದ್ದವು.

"ಬದುಕಿದೆ ಯಜಮಾನ್ರೇ" ಎಂದೆ.

ಸಾಹೇಬರು ಲೋಟ ಎತ್ತಿದರು, ಕುಡಿಯಲಿಲ್ಲ. "ನೀನೂ ಬಾ. ಕೂತ್ಕೋ."

"ಬಂದೆ, ಬಂದೆ. ನೀವು ಉಣ್ಣಿ. ಮುದ್ದೆ ಆರೋಯ್ತದೆ."

"ಇಬ್ರೂ ಅಂದಿದ್ದೆ ನೀನು."

"ಇಬ್ರೂನೇ. ನನ್ದು ಎಲ್ ಓಯ್ತದೆ? ನೀವು ಕೈ ಇಡಿ, ಇವ್ಳು ಬೇಜಾರ್ ಮಾಡ್ಕತಾಳೆ."

ಆ ಮನೆಯಲ್ಲಿ ಎಂಟು ತಿಂಗಳು ಉಂಡವರಿಗೆ ಅದರ ಮುಂದೆ ವಾದ ಮಾಡಬಾರದೆಂದು ಗೊತ್ತಿತ್ತು. ಕುಡಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ, "ನಮ್ಮಪ್ಪನ ಮನೆ" ಎಂದರು, ತಮ್ಮ ಭಾಷೆಯಲ್ಲಿ ಇನ್ನೇನೋ ಹೇಳಿಕೊಂಡರು. ಕೆನ್ನೆ ಒದ್ದೆಯಾಗಿತ್ತು. ಯಜಮಾನರು ನಿಂತಲ್ಲೇ ನೋಡಿ, ಟವೆಲ್ಲಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡು, ಅವರ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಯಜಮಾನಿ ಗಂಡನ ಲೋಟವನ್ನು ಎತ್ತಿ ಕಂಬದ ಪಕ್ಕ ಇಟ್ಟು, ನೊಣ ಕೂರದಿರಲೆಂದು ಒಂದು ಮುತ್ತುಗದ ಎಲೆ ಮುಚ್ಚಿದರು.

ಆಗ ನನಗೆ ಹೊಳೆಯಿತು. ಬಂದವರು ಉಂಡು ಕೈ ತೊಳೆಯುವವರೆಗೆ ಈ ಮನೆಯ ಯಜಮಾನ ಏನನ್ನೂ ಬಾಯಿಗೆ ಹಾಕುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲೂ ನಮ್ಮಪ್ಪ ನೆಂಟರು ಎದ್ದ ಮೇಲೆ ಕೂತು, ಆರಿ ಗಟ್ಟಿಯಾದ ಮುದ್ದೆ ಉಂಡವರೇ. ಎಲೆ ಹಾಕಿದಾಗ ತೆರೆಯಬೇಕು ಎಂದು ನಿಮಿಷ ಲೆಕ್ಕ ಹಾಕಿದ್ದೆ; ಯಾರ ಎಲೆ ಎಂದು ಯೋಚಿಸಿರಲಿಲ್ಲ.

ಕಾಲು ಗಂಟೆ ಕಳೆಯಿತು. ಸಾಹೇಬರು ವಯಸ್ಸಾದವರು, ಪ್ರತಿ ತುತ್ತನ್ನೂ ನೆನಪಿಗೆ ಹಚ್ಚಿ ಉಣ್ಣುತ್ತಿದ್ದರು. ಎರಡನೇ ಮುದ್ದೆ ಬಂತು. ಕಜ್ಜಾಯ ಬಂತು. ನನ್ನ ಬಲಗೈ ತುಂಬ ಮುದ್ದೆ. ಸಾಲಿನಲ್ಲಿ ಕೂತವನು ಜೊತೆಯವರು ಮುಗಿಸುವ ಮೊದಲು ಏಳುವಂತಿಲ್ಲ. ಕಂಬದ ಪಕ್ಕದ ಲೋಟವನ್ನು ನೋಡುತ್ತಿದ್ದೆ. ಎಲೆಯ ನೆರಳಿನಲ್ಲೂ ಬಣ್ಣ ಇಳಿಯುವುದು ಕಾಣುತ್ತಿತ್ತು, ಹೆಂಚಿನ ಕೆಂಪಿನಿಂದ ಆರಿದ ಟೀ ಕಡೆಗೆ. ಎರಡು ಸಲ ಬಾಯಿ ತೆರೆದೆ.

"ಏನಪ್ಪ, ಸಾರು ಬೇಕಾ?" ಎಂದರು ಯಜಮಾನರು.

"ಸಾಕು ಯಜಮಾನ್ರೇ" ಎಂದೆ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಟೇಬಲಿನ ಯಜಮಾನನಿಗೆ ಯಾವಾಗ ಕುಡಿಯಬೇಕೆಂದು ಹೇಳಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಹೇಳಿದ್ದರೆ ಸಾಹೇಬರ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ತಮ್ಮ ಮನೆಯ ಜಗಲಿಯಲ್ಲಿ, ಹೋಟೆಲಿನವನೊಬ್ಬನ ಮಾತಿಗೆ ಆ ಹಿರಿಯರು ಅತಿಥಿಗಿಂತ ಮುಂಚೆ ಲೋಟ ಎತ್ತಬೇಕಾಗುತ್ತಿತ್ತು. ಇವೆಲ್ಲ ಕಾರಣಗಳೇ. ಆದರೆ ಇನ್ನೊಂದೂ ಇದೆ. ಹತ್ತು ದಿನ ಎಲ್ಲದಕ್ಕೂ ಗಾಬರಿಬಿದ್ದು ಎಲ್ಲರ ನಗೆಗೆ ಈಡಾಗಿದ್ದ ನನಗೆ, ಇನ್ನೊಂದು ಸಲ ಗಾಬರಿಬೀಳಲು ನಾಚಿಕೆಯಾಯಿತು.

ಸಾಹೇಬರು ಮಜ್ಜಿಗೆ ಮುಗಿಸಿದರು. ಯಜಮಾನರು ಕೈಗೆ ನೀರು ಹಾಕಿದರು, ಎಲೆ ಅಡಿಕೆ ತಟ್ಟೆ ತಂದಿಟ್ಟರು. ಆಮೇಲೆ ತಾವು ಕೈ ಕಾಲು ತೊಳೆದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ, ಗೆಳೆಯನ ಪಕ್ಕ ಬಂದು ಕೂತರು. ಮುತ್ತುಗದ ಎಲೆ ತೆಗೆದರು. ಸಾಹೇಬರು ತಮ್ಮ ಎರಡನೇ ಲೋಟ ಎತ್ತಿದರು, ಅವರ ಗಮನವೆಲ್ಲ ಗೆಳೆಯನ ಮುಖದ ಮೇಲಿತ್ತು. ಯಜಮಾನರು ಎರಡೂ ಕೈಯಲ್ಲಿ ಲೋಟ ಹಿಡಿದು, ತೀರ್ಥ ತೆಗೆದುಕೊಳ್ಳುವ ಹಾಗೆ ಕಣ್ಣಿಗೊತ್ತಿಕೊಂಡು, ಒಂದು ಹನಿ ಬಿಡದೆ ಕುಡಿದರು.

"ಎಂಗೈತೆ?"

"ಚೆಂದಾಗೈತೆ" ಎಂದರು ಯಜಮಾನರು. ಸಾಹೇಬರು ಅವರ ಬೆನ್ನು ತಟ್ಟಿದರು.

ಸಂಜೆಗೆ ಮುಂಚೆ ಸಾಹೇಬರ ಟ್ಯಾಕ್ಸಿ ಹೋಯಿತು. ನಾನು ಹಿತ್ತಲಿನ ಕಲ್ಲಿನ ಮೇಲೆ ಲೋಟ ತೊಳೆಯುತ್ತಿದ್ದೆ. ಯಜಮಾನರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ದನಿ ತಗ್ಗಿಸಿ ಕೇಳಿದರು.

"ನಗಬ್ಯಾಡ ಮತ್ತೆ. ಆವಯ್ಯ ಕುಡ್ದು ಕಣ್ಣೀರ್ ಆಕುದ್ರು. ನಂಗೆ ಉಣಸೇಹಣ್ ತೊಳ್ದ ನೀರಂಗಿತ್ತು ಕಣಪ್ಪ. ಉಟ್ಟಾಗಿಂದ ರೂಢಿ ಇಲ್ಲ ನೋಡು, ನನ್ ನಾಲ್ಗೇಗೆ ತಿಳೀನಿಲ್ಲ ಅಂತ ಕಾಣ್ತದೆ. ಅಲ್ವಾ?"

ಲೋಟವನ್ನು ಇನ್ನೊಂದು ಸಲ ತೊಳೆದೆ. "ಹೌದು ಯಜಮಾನ್ರೇ. ಮೊದಲ್ನೇ ಸಲಕ್ಕೆ ಯಾರಿಗೂ ತಿಳಿಯಲ್ಲ."

"ಅಂಗಾರೆ ಸರಿ" ಎಂದರು. "ಅದು ಚೆಂದಾಗೇ ಇತ್ತು ತಾನೇ?"

"ಚೆನ್ನಾಗಿತ್ತು. ನಾನು ಕಂಡ ಹಾಗೆ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ."

ಅದು ಸುಳ್ಳಲ್ಲ. ನಾನು ಕುಡಿದ ಆ ಗುಟುಕು ಹಾಗೇ ಇತ್ತು, ಮತ್ತು ಅದು ಅವರಿಗೆ ಸೇರಬೇಕಾದ ಗುಟುಕು. ಅವರು ಮೊಣಕಾಲು ಹಿಡಿದು ಎದ್ದು, ನನ್ನ ಭುಜ ಮುಟ್ಟಿ, ಎಲ್ಲ ಚೆನ್ನಾಗಿ ನಡೆಸಿಕೊಟ್ಟೆ ಎಂದು ಹೇಳಿ ಒಳಗೆ ಹೋದರು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಒಂದು ಲೋಟ ಮಾತ್ರ, ಅತಿಥಿಯ ಊಟ ಮುಗಿಯಲೆಂದು, ಕಂಬದ ಪಕ್ಕ ಐವತ್ತು ನಿಮಿಷ ಕಾದಿತ್ತು.